ಇಪ್ಪತ್ಮೂರನೆಯ ಷರಾ

ಸಹಿ ಮಾಡಿ, ಹೆಸರಿನ ಕೆಳಗೆ ಎಂದಿನಂತೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕಿ ಇಟ್ಟು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ ಮೇಲೆಯೇ ಆಬಾಸಾಹೇಬರಿಗೆ ತಾವು ಮಾಡಿದ್ದೇನೆಂದು ತಿಳಿದದ್ದು. ಮೊಮ್ಮಗಳ ಪ್ರಗತಿ ಪುಸ್ತಕದ ಕೊನೆಯಲ್ಲಿ ಮೂರು ಚೌಕಗಳಿದ್ದವು: ವರ್ಗಶಿಕ್ಷಕ, ಮುಖ್ಯಾಧ್ಯಾಪಕ, ಪಾಲಕ. ಅವರ ಸಹಿ ನಡುವಿನ ಚೌಕದಲ್ಲಿ, ಬಹಳ ದಿನದ ಮೇಲೆ ಸ್ವಂತ ಮನೆಗೆ ಬಂದವರ ಹಾಗೆ, ಕಾಲು ಚಾಚಿ ಕುಳಿತಿತ್ತು. ಪಾಲಕರ ಚೌಕ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ನಿವೃತ್ತಿಯಾಗಿ ಹದಿಮೂರು ವರ್ಷವಾಗಿದ್ದರೂ, ಗಡಹಿಂಗ್ಲಜ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಹದಿನೆಂಟು ವರ್ಷ ಮುಖ್ಯಾಧ್ಯಾಪಕನಾಗಿದ್ದ ಕೈಗೆ ಆ ಆದೇಶ ಇನ್ನೂ ಮುಟ್ಟಿದಂತಿರಲಿಲ್ಲ. ಎದುರಿಗೆ ಋತುಜಾ ಸಮವಸ್ತ್ರ ತೊಟ್ಟು, ಬೆನ್ನಿಗೆ ಚೀಲ ಹಾಕಿಕೊಂಡು, ಒಂದು ಕಾಲಿನ ಮೇಲೆ ನಿಂತು ಕಾಯುತ್ತಿದ್ದಳು. ಶನಿವಾರ, ಬೆಳಗಿನ ಶಾಲೆ.

"ಆತೇನ್ರಿ ಅಜ್ಜಾ?"

"ಆತು. ಆದ್ರ ನೀ ಹೋಗು. ಇದನ್ನ ನಾನ ತರತೇನಿ."

"ಯಾಕ?"

"ಸ್ವಲ್ಪ ಕೆಲಸ ಐತಿ ಇದರಾಗ."

ಋತುಜಾ ಕಾರ್ಡನ್ನೊಮ್ಮೆ, ಅಜ್ಜನ ಮುಖವನ್ನೊಮ್ಮೆ ನೋಡಿದಳು. ಕಾರ್ಡಿಗಿಂತ ಮುಖದ ಮೇಲೆ ಅವಳ ಕಣ್ಣು ಹೆಚ್ಚು ಹೊತ್ತು ನಿಂತಿತು. ಮುಖ ಅವಳಿಗೆ ಸರಾಗವಾಗಿ ಓದಲು ಬರುತ್ತಿತ್ತು. "ಹೂಂ" ಎಂದು ಹೊರಟುಹೋದಳು.

ಆಮೇಲೆ ಆಬಾಸಾಹೇಬರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿನ್ನೆಯಿಂದ ಏಳನೆಯ ಸಲ, ಮೇಲಿನಿಂದ ಓದಿದರು. ಭಾಷೆ, ಡ. ಇಂಗ್ಲಿಷ್, ಡ. ಗಣಿತ, ಕ-2. ಚಿತ್ರಕಲೆ, ಅ-1. ಕಾರ್ಯಾನುಭವ, ಅ-1. ಅ-ದಿಂದ ಶುರುವಾಗುವ ಆ ಏಣಿಯಲ್ಲಿ ಡ ಎಂದರೆ ಕೆಳಗೆ ಇನ್ನೊಂದೇ ಮೆಟ್ಟಿಲು, ಅದರಾಚೆ ನೆಲ. ಆದರೆ ಅವರನ್ನು ನಿನ್ನೆಯಿಂದ ಕಾಡುತ್ತಿದ್ದದ್ದು ಶ್ರೇಣಿಗಳಲ್ಲ. ಅವುಗಳ ಕೆಳಗೆ ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದ ಷರಾ: ಬುದ್ಧಿ ಚುರುಕು, ಓದುವಾಗ ಮನಸ್ಸು ಅತ್ತಿತ್ತ ಹೋಗುತ್ತದೆ, ಮನೆಯಲ್ಲಿ ಪಾಲಕರು ಲಕ್ಷ್ಯ ಕೊಡಬೇಕು. ಇದರ ಒಂದೊಂದು ಅಲ್ಪವಿರಾಮವೂ ಅವರದು. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಯಾವ ಮಗುವಿಗೆ ಏನು ಷರಾ ಬರೆಯಬೇಕೆಂದು ತೋಚದೆ ಒದ್ದಾಡುತ್ತಿದ್ದ ಸುತ್ತಲಿನ ಶಿಕ್ಷಕರ ಸಲುವಾಗಿ, ಒಂದು ಮಧ್ಯಾಹ್ನ ಕುಳಿತು ಅವರು ನಲವತ್ತು ಮಾದರಿ ಷರಾಗಳನ್ನು ಬರೆದಿದ್ದರು. ಎಲ್ಲ ಥರದ ಮಕ್ಕಳಿಗೂ ಒಂದೊಂದು. ಪುಂಡರಿಗೆ ಆರು, ಮಾತಾಡದವರಿಗೆ ನಾಲ್ಕು, ಪಂಚಾಯತಿ ಸದಸ್ಯರ ಮಕ್ಕಳಿಗೆ ಎರಡು. ಅದು ಮೊದಲು ಸೈಕ್ಲೋಸ್ಟೈಲ್ ಆಯಿತು, ಆಮೇಲೆ ಝೆರಾಕ್ಸ್, ಆಮೇಲೆ ಯಾರೋ ಟೈಪ್ ಮಾಡಿದರು, ಈಗ ಶಿಕ್ಷಕರ ಫೋನುಗಳಲ್ಲಿ ಪಿಡಿಎಫ್ ಆಗಿ ಓಡಾಡುತ್ತಿದೆಯೆಂದು ಕೇಳಿದ್ದರು. ಟೈಪ್ ಮಾಡಿದವನು ಮೊದಲ ಪುಟದ ಮೇಲಿದ್ದ ಅವರ ಹೆಸರನ್ನು ಬಿಟ್ಟಿದ್ದ. ಅದಕ್ಕೆ ಅವರು ಒಂದು ವಾರ ಊಟ ಕಡಿಮೆ ಮಾಡಿದ್ದರು. ಈಗ ಆ ಹೆಸರಿಲ್ಲದ ವಾಕ್ಯ ಜಿಲ್ಲೆಯೆಲ್ಲ ಸುತ್ತಾಡಿ, ಸ್ವಂತ ಮೊಮ್ಮಗಳ ಚೀಲದಲ್ಲಿ ಕುಳಿತು ಇಚಲಕರಂಜಿಯ ಮನೆಗೆ ಬಂದಿತ್ತು. ಇಪ್ಪತ್ಮೂರನೆಯದು. ಓದಲು ಬಾರದ ಮಕ್ಕಳಿಗೆ ಹಾಕುವಂಥದ್ದು.

ನಿನ್ನೆ ಸೂರ್ಯ ಮುಳುಗುವ ಮೊದಲಿನ ಊಟದ ಹೊತ್ತಿಗೆ ಕಾರ್ಡು ಎಲ್ಲರ ಕೈ ದಾಟಿತ್ತು. ಮಗ ಸಮ್ಮೇದ, ನೂಲಿನ ವ್ಯಾಪಾರಿ, ನೂಲಿನ ಗುಣಮಟ್ಟವನ್ನು ಬೆರಳ ತುದಿಯಲ್ಲಿ ಹೇಳುವವನು, ಕಾರ್ಡನ್ನೂ ಹಾಗೆಯೇ ಬೆರಳಲ್ಲಿ ಉಜ್ಜಿ ನೋಡಿ, "ಮೊಬೈಲ್‌ದಿಂದ. ಎಲ್ಲಾ ಮೊಬೈಲ್‌ದಿಂದನ ಆಗಿದ್ದಿದು" ಎಂದಿದ್ದ, ತನ್ನ ಮೊಬೈಲಿನಿಂದ ಕಣ್ಣು ಮೇಲೆತ್ತದೆ. ಆಬಾಸಾಹೇಬರ ಹೆಂಡತಿ ಶಾಲನ ಬೇರೆ ಕಾರಣ ಹಿಡಿದಿದ್ದಳು. "ನಾ ಆವಾಗ ಹೇಳಿದ್ದೆ. ಆ ಕೇಸರಿ ಫ್ರಾಕ ಹಾಕ್ಕೊಂಡ ಕಾಗಲದ ಲಗ್ನಕ್ಕ ಹೋಗಿ ಬಂದಾಗಿಂದ ಕೂಸಿಗೆ ದೃಷ್ಟಿ ಆಗೇತಿ."

"ಆಯೀ, ಆ ಲಗ್ನ ಹೋದ ವರ್ಷದ್ದು," ಎಂದಿದ್ದಳು ಋತುಜಾ ಭಾಕ್ರಿ ಮುರಿಯುತ್ತ. "ನನಗ ಡ ಒಂದನೇ ಇಯತ್ತ್ಯಾಗಿಂದ ಐತಿ."

"ನೋಡು, ಮಾತಿಗೇನ ಕಮ್ಮಿ ಇಲ್ಲ. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ಮ್ಯಾಲ ಇಂಗ್ಲಿಷ್. ಅದರ ತಲಿ ಏನಾಗಬೇಕು?"

"ನಾ ಕಲ್ತಿಲ್ಲೇನ ಹಂಗ?" ಎಂದ ಸಮ್ಮೇದ.

"ನೀ ಏನ ಕಲ್ತಿ ಅಂತ ನನಗ ಗೊತ್ತೈತಿ, ಸುಮ್ಮನ ಉಣ್ಣು."

ಎಲ್ಲರೂ ನಕ್ಕರು. ಸೊಸೆ ಶುಭಾಂಗಿ ಮಾತ್ರ ಏನೂ ಹೇಳದೆ ಬಡಿಸುತ್ತಿದ್ದಳು. ಹೇಳುವುದನ್ನು ಅವಳು ಜೂನ್ ತಿಂಗಳಲ್ಲೇ ಹೇಳಿ ಮುಗಿಸಿದ್ದಳು, ಒಂದೇ ಉಸಿರಿನಲ್ಲಿ, ಬಾಗಿಲ ಚೌಕಟ್ಟು ಹಿಡಿದು ನಿಂತು: ಕೆಲವು ಮಕ್ಕಳಿಗೆ ಬುದ್ಧಿ ಇದ್ದರೂ ಓದುವುದರಲ್ಲೇ ತೊಡಕಿರುತ್ತದಂತೆ, ಅದು ಸೋಮಾರಿತನವಲ್ಲವಂತೆ, ಶಾಲೆಗೆ ಬರುವ ವಿಶೇಷ ಶಿಕ್ಷಕಿ ಮೊದಲು ನೋಡುತ್ತಾರಂತೆ, ಬೇಕಾದರೆ ಕೊಲ್ಹಾಪುರಕ್ಕೆ ಕಳಿಸುತ್ತಾರಂತೆ, ಅಂಥ ಮಕ್ಕಳಿಗೆ ಕಲಿಸುವ ರೀತಿಯೇ ಬೇರೆಯಂತೆ. ಒಪ್ಪಿಗೆ ಪತ್ರಕ್ಕೆ ತಾಯಿಯೋ ತಂದೆಯೋ ಸಹಿ ಮಾಡಬೇಕಂತೆ. ಆಬಾಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಮೂವತ್ಮೂರು ವರ್ಷ ಸಾಲಿ ಕಲಸೇನಿ. ನಮ್ಮ ಮನ್ಯಾಗ ಅಂಥಾದ್ದ ಯಾರಿಗೂ ಇಲ್ಲ. ಸಂಜೀಕ ನನ್ನ ಹಂತ್ಯಾಕ ಕಳಸು" ಎಂದಿದ್ದರು. ಶುಭಾಂಗಿ "ಹೌದ್ರಿ ಮಾವಾರ" ಎಂದು ಒಳಗೆ ಹೋಗಿದ್ದಳು. ಆ "ಹೌದ್ರಿ"ಯಲ್ಲಿ ಒಪ್ಪಿಗೆ ಎಷ್ಟಿತ್ತು, ಬಾಗಿಲು ಹಾಕಿಕೊಂಡ ಸದ್ದು ಎಷ್ಟಿತ್ತು ಎಂದು ತೂಗಿ ನೋಡುವ ಗೊಡವೆಗೆ ಅವರು ಅಂದು ಹೋಗಲಿಲ್ಲ.

ಕಾರ್ಡನ್ನು ಪೇಪರಿನೊಳಗೆ ಮಡಚಿಟ್ಟುಕೊಂಡು ಬೀದಿಗಿಳಿದರು. ಎರಡೂ ಕಡೆಯ ಶೆಡ್ಡುಗಳಲ್ಲಿ ಮಗ್ಗಗಳು ಖಟಖಟ ಹೊಡೆಯುತ್ತಿದ್ದವು. ಈ ಊರಿಗೆ ಬಂದ ಹೊಸದರಲ್ಲಿ ಆ ಸದ್ದಿಗೆ ತಲೆ ಹಿಡಿಯುತ್ತಿತ್ತು, ಈಗ ಅದು ನಿಂತರೆ ಮಾತ್ರ ಕೇಳಿಸುತ್ತದೆ. ಸೆಪ್ಟೆಂಬರಿನ ಒಂದು ಸಂಜೆ ಹಾಗೆ ನಿಂತಿತ್ತು. ಅಷ್ಟರಲ್ಲಿ ಋತುಜಾ ಎಷ್ಟು ಮುಂದುವರಿದಿದ್ದಳೆಂದರೆ ಅವರು ಬಸದಿಯ ಕಟ್ಟೆಯ ಮೇಲೆ ನಾಲ್ಕು ಜನರೆದುರು, ಋತು ಈಗ ಫಡಾಫಡಾ ಓದತಾಳ ನೋಡ್ರಿ, ಎಲ್ಲಾ ಕಲಸೂ ರೀತಿ ಮ್ಯಾಲ ಇರತೈತಿ, ಎಂದು ಹೇಳಿಕೊಂಡು ಬಂದಿದ್ದರು. ಪದ್ಧತಿ ಸರಳ: ಅವರು ಪಾಠವನ್ನು ಒಮ್ಮೆ ಓದುವುದು, ಇನ್ನೊಮ್ಮೆ ಓದುವುದು, ಆಮೇಲೆ ಅವಳು ಬೆರಳಿಟ್ಟು ಓದುವುದು. ಆ ಸಂಜೆಯೂ ಬೆರಳಿಟ್ಟು, ಒಂದೂ ತಪ್ಪಿಲ್ಲದೆ, ಬೇಕಾದಲ್ಲಿ ಪುಟ ತಿರುವುತ್ತ ಓದುತ್ತಿದ್ದಳು. ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಟ್ಟಿಗೆ ಉಸಿರು ಹಿಡಿದವು. ಕತ್ತಲಲ್ಲಿ ತಮ್ಮ ಕೈ ತಮಗೆ ಕಾಣುತ್ತಿರಲಿಲ್ಲ. ಋತುಜಾ ಓದುತ್ತಲೇ ಇದ್ದಳು. ಒಂದು ವಾಕ್ಯ, ಎರಡು ವಾಕ್ಯ, ಮೂರನೆಯದರ ಅರ್ಧ. ಅಲ್ಲಿ ಅವಳಿಗೆ ತಿಳಿದಿರಬೇಕು, ಗಪ್ಪನೆ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, "ಲೈಟ ಹೋತಲ್ಲಾ" ಎಂದಳು. ಅವರು "ಹೂಂ, ಹೋತು" ಎಂದರು. ಕರೆಂಟು ಬಂದಮೇಲೆ ಪಾಠ ಸಾಕೆಂದು ಪುಸ್ತಕ ಮುಚ್ಚಿದರು. ಮರುದಿನ ಬಸದಿಯ ಕಟ್ಟೆಯ ಮೇಲೆ ಯಾರೋ ಕೇಳಿದಾಗ, "ಭಾಳ ಚಂದ ಓದತಾಳ" ಎಂದರು. ಅಲ್ಲಿಂದ ಎರಡು ತಿಂಗಳಾಯಿತು, ಯಾರಿಗೂ ಹೇಳಿಲ್ಲ. ಶುಭಾಂಗಿಗಂತೂ ಇಲ್ಲವೇ ಇಲ್ಲ. ಹೇಳಿದರೆ ಏನಾಗುತ್ತಿತ್ತು? ಸೊಸೆ ಹೇಳಿದ್ದು ನಿಜವಾಗುತ್ತಿತ್ತು. ಅದಾದರೂ ಆಗಲಿ. ಆದರೆ ಹಾಗಾದರೆ ಮೂವತ್ಮೂರು ವರ್ಷದಲ್ಲಿ ತಾವು ದಡ್ಡರೆಂದು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದ ಹುಡುಗರೆಲ್ಲ ಒಬ್ಬೊಬ್ಬರಾಗಿ ಇತ್ತ ತಿರುಗಿ ನೋಡುತ್ತಿದ್ದರು.

ಮೊದಲು ತಿರುಗುವವನು ಕೇದಾರಿ, ಅದರಲ್ಲಿ ಸಂಶಯವಿರಲಿಲ್ಲ. ನಾಲ್ಕನೆಯ ತರಗತಿ, ಹತ್ತು ವರ್ಷ. ಪಾಟಿಯ ಮೇಲೆ ಬಳಪದಿಂದ ಎಮ್ಮೆ ಬರೆದರೆ ಅದು ಯಾರ ಮನೆಯ ಎಮ್ಮೆಯೆಂದು ಊರವರು ಹೇಳುತ್ತಿದ್ದರು. ಎಮ್ಮೆ ಎಂಬ ಶಬ್ದ ಬರೆಯಲು ಬರುತ್ತಿರಲಿಲ್ಲ. ಇಪ್ಪತ್ಮೂರನೆಯ ಷರಾ ಹುಟ್ಟಿದ್ದೇ ಅವನ ಕಾರ್ಡಿಗಾಗಿ. ಅವನ ಅಪ್ಪ ಯಮನಪ್ಪ ಕಾರ್ಡು ಹಿಡಿದು ಶಾಲೆಗೆ ಬಂದು, ಓದಿಸಿಕೊಂಡು, ಕೈ ಕಟ್ಟಿ ಕೇಳಿದ್ದ: "ಲಕ್ಷ್ಯ ಕೊಡೂದಂದ್ರ ಏನ ಮಾಡೂದ್ರಿ ಗುರೂಜಿ? ಹೇಳ್ರಿ, ಮಾಡತೇನಿ." ಆ ಪ್ರಶ್ನೆಯನ್ನು ಅವರು ನಿರೀಕ್ಷಿಸಿರಲಿಲ್ಲ. "ಲಕ್ಷ್ಯ ಕೊಡೂದಂದ್ರ... ಲಕ್ಷ್ಯ ಕೊಡಬೇಕು" ಎಂದಿದ್ದರು. ಯಮನಪ್ಪ ಹಾಗೆಯೇ ಮಾಡಿದ. ದಿನಾ ಹೊಲದಿಂದ ಬಂದವನೇ ಮಗನನ್ನು ಪುಸ್ತಕದ ಮುಂದೆ ಕೂರಿಸಿ, ತಾನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ರೆಪ್ಪೆ ಬಡಿಯದೆ ಮಗನ ಮುಖವನ್ನೇ ನೋಡುತ್ತಿದ್ದ. "ಅಪ್ಪ ಭಾಳ ಲಕ್ಷ್ಯ ಕೊಡ್ತಾನ್ರಿ ಗುರೂಜಿ, ನನಗ ಅಂಜಿಕಿ ಬರತೈತಿ" ಎಂದು ಕೇದಾರಿ ತರಗತಿಯಲ್ಲಿ ಹೇಳಿದಾಗ ಇಡೀ ಶಾಲೆ ನಕ್ಕಿತ್ತು, ಎಲ್ಲರಿಗಿಂತ ಜೋರಾಗಿ ಮುಖ್ಯಾಧ್ಯಾಪಕರು. ಹುಡುಗ ಮುಂದಿನ ವರ್ಷ ಬರಲಿಲ್ಲ. ಈಗ ಹುಪರಿಯಲ್ಲಿ ಅವನದೇ ಬೆಳ್ಳಿ ಕೆಲಸದ ಅಂಗಡಿ ಇದೆ, ಅವನು ಬರೆದ ನಕ್ಷೆಯ ಕಾಲ್ಗೆಜ್ಜೆಗಳನ್ನು ಎಲ್ಲೆಲ್ಲಿಯವರೋ ಬಂದು ಒಯ್ಯುತ್ತಾರೆ. ಹೋದ ವರ್ಷ ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ, ನೂರು ಜನರ ನಡುವೆ, ಬಗ್ಗಿ ಎರಡೂ ಪಾದ ಮುಟ್ಟಿ, "ನೀವು ಸಾಲಿ ಬಿಡಸಲಿಲ್ಲಂದ್ರ ನಾ ಈ ಮಟ್ಟಕ್ಕ ಬರತಿರಲಿಲ್ಲ ನೋಡ್ರಿ ಗುರೂಜಿ" ಎಂದ. ಮುಖದಲ್ಲಿ ಕೃತಜ್ಞತೆಯನ್ನು ಬಿಟ್ಟು ಬೇರೆ ಏನೂ ಇರಲಿಲ್ಲ. ಆಬಾಸಾಹೇಬರು ಚೆನ್ನಾಗಿ ಹುಡುಕಿದ್ದರು.

ಶಾಲೆಯ ಮೈದಾನದಲ್ಲಿ ಮಕ್ಕಳ ಕವಾಯತು ನಡೆದಿತ್ತು. ಮೂರನೆಯ ತರಗತಿಯಲ್ಲಿ ವರ್ಗಶಿಕ್ಷಕ ತುಷಾರ ಒಬ್ಬನೇ ಕುಳಿತು ಏನೋ ಬರೆಯುತ್ತಿದ್ದ. ಮೂವತ್ತರ ಒಳಗಿನವನು. ಬಲಗೈಯ ಎರಡು ಬೆರಳಿಗೆ ಸೀಮೆಸುಣ್ಣದ ಬಿಳುಪು. "ಯಾ ಸರ್, ಬಸಾ" ಎಂದು ಮರಾಠಿಯಲ್ಲಿ ಬರಮಾಡಿಕೊಳ್ಳುತ್ತ ಎದ್ದು ನಿಂತವನು, ಆಬಾಸಾಹೇಬರ ಮರಾಠಿಯ ಎರಡು ಮಾತು ಕೇಳಿ ನಕ್ಕು ಕನ್ನಡಕ್ಕೆ ಹೊರಳಿದ. "ನಮ್ಮ ಮನ್ಯಾಗೂ ಕನ್ನಡನ ಐತ್ರಿ. ನಮ್ಮಜ್ಜ ರಾಯಬಾಗದ ಕಡೆಯಿಂದ ಮಗ್ಗ ಹೊಡ್ಯಾಕ ಬಂದಾವ. ಅಪ್ಪ ಪಾಂಡು ಇನ್ನೂ ಹೊಡ್ಯಾಕತ್ತಾನ." ಕೂರಲು ಬೇರೆ ಏನೂ ಇರಲಿಲ್ಲವಾದ್ದರಿಂದ ಆಬಾಸಾಹೇಬರು ಮಕ್ಕಳ ಬೆಂಚಿನಲ್ಲಿ ಕುಳಿತರು. ಮೊಣಕಾಲು ಗದ್ದಕ್ಕೆ ಬಂತು. ಆಯುಷ್ಯದಲ್ಲಿ ಎಷ್ಟೋ ಪಾಲಕರನ್ನು ಹೀಗೆ ಕೂರಿಸಿ ಮಾತಾಡಿಸಿದ್ದರು. ಹೀಗೆ ಕುಳಿತವನಿಗೆ ವಾದ ಮಾಡುವ ಶಕ್ತಿ ಸೊಂಟದಿಂದಲೇ ಹೊರಟುಹೋಗುತ್ತದೆಂದು ಈಗ ತಿಳಿಯಿತು.

"ಒಂದ ಚೂರು ಗಡಬಡ ಆಗೇತ್ರಿ" ಎಂದು ಕಾರ್ಡನ್ನು ಚಾಚಿದರು.

ತುಷಾರ ನೋಡಿದ. ತುಟಿ ಕಚ್ಚಿದ. "ಮುಖ್ಯಾಧ್ಯಾಪಕರ ಬದಲಿ ಆಗೇತೇನ್ರಿ? ನಮಗ್ಯಾರೂ ಹೇಳಿಲ್ಲಲ್ಲ."

"ರೂಢಿ ನೋಡ್ರಿ. ಕೈ ತಾನ ಅಲ್ಲಿ ಹೋತು."

"ಸಹಿ ಮಾತ್ರ ಭಾರಿ ಐತ್ರಿ. ನಮ್ಮ ಮೇಡಂ ಮಾಡೂ ಸಹಿ ಗುಬ್ಬಿ ಕೆದರಿದಂಗ ಇರತೈತಿ." ಅವನು ಕಪಾಟಿನಿಂದ ಹೊಸ ಕಾರ್ಡು ತೆಗೆದ. "ಇರ್ಲಿ ಬಿಡ್ರಿ, ಬ್ಯಾರೇದ್ದ ಬರದ ಕೊಡತೇನಿ." ಹೆಸರು ಬರೆದ. ಶ್ರೇಣಿಗಳನ್ನು ಬರೆದ. ಆ ಎರಡು ಡ-ಗಳನ್ನು ಇನ್ನೊಮ್ಮೆ ಬರೆಯುವಾಗ, ನೋವಾಗುವ ಕಡೆ ಔಷಧ ಹಚ್ಚುವವನಂತೆ, ಬೇಗ ಬರೆದು ಮುಂದೆ ಹೋದ. ಷರಾದ ಜಾಗಕ್ಕೆ ಬಂದು ಪೆನ್ನು ನಿಂತಿತು. "ಇಲ್ಲಿ ಏನ ಬರೀಲ್ರಿ?"

"ಇದ್ದದ್ದ ಬರೀರಿ."

"ಇದ್ದದ್ದ ನಂದಲ್ರಿ ಅದು, ಪಿಡಿಎಫ್‌ದಾಗಿಂದು. ನಲವತ್ತು ಷರಾ ಅದಾವ ಅದರಾಗ. ಓದಾಕ ಬರದ ಹುಡುಗೂರಿಗೆಲ್ಲಾ ಇಪ್ಪತ್ಮೂರನೇದ್ದ ಹಾಕತೇವಿ." ತುಷಾರ ಉತ್ಸಾಹದಿಂದ ಮುಂದೆ ಬಗ್ಗಿದ. "ಬರದಾವ ಭಾಳ ಶಾಣ್ಯಾ ಇರಬೇಕ ನೋಡ್ರಿ. ಓದಾಕ ಬರೂದಿಲ್ಲಂತ ಎಲ್ಲೂ ಅಂದಿಲ್ಲ. ಮಾಸ್ತರ ತಪ್ಪೂ ಅಲ್ಲ, ಸಾಲಿ ತಪ್ಪೂ ಅಲ್ಲ. ಎಲ್ಲಾ ಒಯ್ದು ಮನ್ಯಾವರ ಕೊರಳಿಗೆ ಹಾಕ್ಯಾನ, ಅದೂ ಹೂವಿನ ಹಾರ ಹಾಕಿದಂಗ!"

ಆಬಾಸಾಹೇಬರಿಗೆ ಮೊದಲು ಆದದ್ದು ಸಂತೋಷ. ಅದನ್ನು ಅವರು ಆಮೇಲೆ ಎಷ್ಟು ಸಲ ನೆನೆದರೂ ಅಲ್ಲಗಳೆಯಲಾಗಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ವಾಕ್ಯವನ್ನು ಹೀಗೆ, ಅದರ ಒಳಹೊಲಿಗೆಯ ಸಮೇತ, ಮೆಚ್ಚಿದವನು ಇವನೊಬ್ಬನೇ. ನಾನೇ ಅವನು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಂದ ಮೇಲೆ ಅದಕ್ಕೆ ತಾನು ಏನನ್ನು ಒಪ್ಪಿಕೊಳ್ಳಲಿದ್ದೇನೆಂದು ಹೊಳೆದು, ಮತ್ತೆ ಒಳಗೆ ಹೋಯಿತು. ಬೆವರು ಮಾತ್ರ ಹೊರಗೆ ಬಂತು.

"ನಿಮ್ಮದ ಬರಿಯೂದಿದ್ರ ಏನ ಬರೀತೀರಿ?" ಎಂದು ಕೇಳಿದರು.

ತುಷಾರ ಮೇಜಿನ ಖಾನೆಯಿಂದ ತನ್ನ ಟಿಪ್ಪಣಿಯ ವಹಿ ತೆಗೆದು, ಪುಟ ಹುಡುಕಿ ಓದಿದ. "ಋತುಜಾ ಸಮ್ಮೇದ. ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ. ಬಾಯಿಲೆಕ್ಕ ನನಗಿಂತ ಜಲ್ದಿ ಮಾಡುತ್ತಾಳೆ, ಅದೇ ಲೆಕ್ಕ ಬರೆದು ಕೊಟ್ಟರೆ ಕೂತುಬಿಡುತ್ತಾಳೆ. ಒಂದೇ ಶಬ್ದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆಯುತ್ತಾಳೆ. ಕಣ್ಣು ತಪಾಸಣೆ ಆಗಿದೆ, ದೋಷವಿಲ್ಲ. ವಿಶೇಷ ಶಿಕ್ಷಕಿ ನೋಡುವುದು ಅವಶ್ಯ." ವಹಿ ಮುಚ್ಚಿದ. "ಜೂನ್‌ದಾಗ ಒಪ್ಪಿಗೆ ಪತ್ರ ಕಳಸಿದ್ನಿರಿ. 'ಅಜ್ಜ ನಿವೃತ್ತ ಮುಖ್ಯಾಧ್ಯಾಪಕರು ಇದ್ದಾರೆ, ಮನೆಯಲ್ಲೇ ನೋಡಿಕೊಳ್ಳುತ್ತಾರೆ' ಅಂತ ಬರಕೊಂಡ ವಾಪಸ್ ಬಂತು. ನಾ ನಿನ್ನೆ ಮೊನ್ನೆ ಸೇರಿದಾವ, ಮೂವತ್ಮೂರು ವರ್ಷ ಸಾಲಿ ಕಲಸಿದವರ ಮುಂದ ಏನ ಹೇಳ್ಲಿ? ಇಪ್ಪತ್ಮೂರನೇದ್ದ ಹಾಕಿ ಸುಮ್ನಾದೆ." ಗಡಿಯಾರ ನೋಡಿದ. "ಹೆಸರಿನ ಯಾದಿ ಇವತ್ತ ಹನ್ನೊಂದಕ್ಕ ಹೋಗತೈತ್ರಿ. ಇವತ್ತ ತಪ್ಪಿದ್ರ ಮುಂದಿನ ವರ್ಷ. ಅಷ್ಟರಾಗ ನಾಲ್ಕನೇ ಇಯತ್ತೆ ಬರತೈತಿ, ಪುಸ್ತಕ ದಪ್ಪ ಆಗತಾವ, ಹುಡುಗಿ ತಾನ ದಡ್ಡಿ ಅಂತ ನಂಬಾಕ ಶುರು ಮಾಡತಾಳ. ಈಗಿನ್ನೂ ನಂಬಿಲ್ಲರಿ. ಅದಕ್ಕ ಕೇಳತೇನಿ, ಖರೆ ಹೇಳ್ರಿ. ಮನ್ಯಾಗ ಓದತಾಳೇನು?"

ಹೊರಗೆ ಕವಾಯತಿನ ಸೀಟಿ ಕೇಳಿಸಿತು. ಎಂಟೂವರೆ. ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಇಷ್ಟು ಸಭ್ಯವಾಗಿ ಕೇಳಿರಲಿಲ್ಲ.

"ಓದತಾಳ" ಎಂದರು ಆಬಾಸಾಹೇಬರು.

ಅಂದದ್ದು ತಮಗೇ ಕೇಳಿಸಿತು. ದನಿ ಮುಖ್ಯಾಧ್ಯಾಪಕರದು, ತುಂಬ ಗಂಭೀರ, ತಪಾಸಣೆಗೆ ಬಂದ ಅಧಿಕಾರಿಗಳಿಗೆ ಹಾಜರಿಯ ಸಂಖ್ಯೆ ಹೇಳುವಾಗಿನದು. ತುಷಾರ "ಹಂಗಾರ ಛಲೋ ಆತು" ಎಂದ, ಕಣ್ಣು ಕೆಳಗಿಟ್ಟು. ಪೆನ್ನು ಕಾರ್ಡಿನ ಮೇಲೆ ಇಳಿಯಿತು, ಬುದ್ಧಿ ಎಂಬ ಶಬ್ದದ ಮೊದಲ ಅಕ್ಷರ ಮೂಡಿತು. ಅಷ್ಟರಲ್ಲಿ ಮಕ್ಕಳು ಧೂಳಿನ ಸಮೇತ ಒಳಗೆ ನುಗ್ಗಿದರು. ಋತುಜಾ ಬಾಗಿಲಲ್ಲೇ ನಿಂತಳು. ಬೆಂಚಿನಲ್ಲಿ ಮುದುಡಿ ಕುಳಿತ ಅಜ್ಜನನ್ನು ನೋಡಿದಳು, ಸರ್ ಮುಂದಿದ್ದ ಎರಡು ಕಾರ್ಡುಗಳನ್ನು ನೋಡಿದಳು. ಅಜ್ಜ ಯಾವುದೋ ಅಡಚಣೆಯಲ್ಲಿದ್ದಾರೆ, ಅದು ತನ್ನಿಂದಾದದ್ದು ಎಂದು ಅವಳ ಮುಖದಲ್ಲಿ ಒಂದು ತೀರ್ಮಾನ ನಡೆದದ್ದು ಸ್ಪಷ್ಟವಾಗಿ ಕಂಡಿತು. ನೇರವಾಗಿ ಬಂದು, ಚೀಲದಿಂದ ಭಾಷೆಯ ಪುಸ್ತಕ ತೆಗೆದು, "ಸರ್, ನಾ ಓದಿ ತೋರಸ್ಲಿ?" ಎಂದು ಉತ್ತರಕ್ಕೆ ಕಾಯದೆ ಶುರು ಮಾಡಿಬಿಟ್ಟಳು.

ಸಂತೆಗೆ ಸೊಪ್ಪು ಮಾರಲು ಹೋದ ಒಬ್ಬ ಮುದುಕಿ ಮತ್ತು ಅವಳ ಆಡಿನ ಪಾಠ. ಮಕ್ಕಳೆಲ್ಲ ಸುಮ್ಮನಾದರು, ಅಷ್ಟು ಚಂದವಾಗಿ ಓದುತ್ತಿದ್ದಳು. ಮುದುಕಿಯ ಮಾತಿಗೆ ಮುದುಕಿಯ ದನಿ, ಗಿರಾಕಿಯ ಮಾತಿಗೆ ಗಿರಾಕಿಯ ದನಿ. ಬೆರಳು ಸಾಲಿನ ಮೇಲೆ ಇರುವೆಯಂತೆ ಸರಿಯುತ್ತಿತ್ತು. ಎರಡನೆಯ ಪ್ಯಾರಾದ ನಡುವೆ, ಮುದುಕಿ ಬುಟ್ಟಿ ಇಳಿಸುವಲ್ಲಿ, ಋತುಜಾ ನಿಂತು, ಗಂಟಲಿನ ಆಳದಿಂದ, ಅಜ್ಜನ ಎಪ್ಪತ್ತೊಂದು ವರ್ಷದ ಕಫವನ್ನು ಎರಡು ಕಂತಿನಲ್ಲಿ ಸರಿಪಡಿಸಿಕೊಂಡು, "ಹ್ಹಂ" ಎಂದು ಮುಂದೆ ಓದಿದಳು. ಪುಟ ತಿರುವುವ ಮುನ್ನ ಇನ್ನೊಮ್ಮೆ, ಹ್ಹಂ.

ತುಷಾರ ತಲೆಯೆತ್ತಿದ. ಆಬಾಸಾಹೇಬರ ಗಂಟಲು ಅದೇ ಗಳಿಗೆಯಲ್ಲಿ, ಕರೆದವರಿಗೆ ಓಗೊಟ್ಟಂತೆ, ತಾನೂ ಹ್ಹಂ ಎಂದುಬಿಟ್ಟಿತು. ಇಬ್ಬರ ಕಣ್ಣೂ ಕೂಡಿದವು. ತುಷಾರ ನಗಬಾರದೆಂದು ಬಹಳ ಪ್ರಯತ್ನಪಟ್ಟ, ಮೇಜಿನ ಅಂಚು ಹಿಡಿದ, ಆಗಲಿಲ್ಲ. ಆಬಾಸಾಹೇಬರಿಗೂ ನಗೆ ತಡೆಯಲಾಗಲಿಲ್ಲ. ಬೆಂಚು ಅಲುಗುವಷ್ಟು ನಕ್ಕರು. ಏನೆಂದು ತಿಳಿಯದ ನಲವತ್ತು ಮಕ್ಕಳು ಪುಕ್ಕಟೆ ಸಿಕ್ಕ ನಗೆಯನ್ನು ಯಾಕೆ ಬಿಡಬೇಕೆಂದು ತಾವೂ ನಕ್ಕರು. ಋತುಜಾ ಮಾತ್ರ ಪಾಠವನ್ನು ಕೊನೆಯವರೆಗೂ ಮುಗಿಸಿ, ಪುಸ್ತಕ ಮುಚ್ಚಿ, ನಿಂತುಕೊಂಡಳು.

"ಬರೀಬ್ಯಾಡ್ರಿ" ಎಂದರು ಆಬಾಸಾಹೇಬರು, ಕಣ್ಣೊರೆಸಿಕೊಳ್ಳುತ್ತ. "ಇಕಿ ಪುಸ್ತಕ ಓದಾಕತ್ತಿಲ್ಲ, ನನ್ನ ಓದಾಕತ್ತಾಳ. ಎರಡ ತಿಂಗಳಿಂದ ನನಗ ಗೊತ್ತೈತಿ. ಯಾರಿಗೂ ಹೇಳಿಲ್ಲ. ಆ ಷರಾ ಬರದಾವನೂ ನಾನ."

"ಅಯ್ಯ! ಸರ್... ನಾ ಏನೇನೋ ಅಂದೆ..."

"ಶಾಣ್ಯಾ ಅಂದಿದ್ದ ವಾಪಸ್ ತಗೋಬ್ಯಾಡ್ರಿ. ಅದೊಂದ ಇರ್ಲಿ ನನಗ."

ಆಮೇಲೆ ಅವರು ಮೊಮ್ಮಗಳನ್ನು ಹತ್ತಿರ ಕರೆದು, ಬೆಂಚಿನಲ್ಲಿ ಜಾಗ ಮಾಡಿ ಕೂರಿಸಿಕೊಂಡು, ಮೂವತ್ಮೂರು ವರ್ಷದಲ್ಲಿ ಒಂದು ಮಗುವನ್ನೂ ಕೇಳಿರದ ಪ್ರಶ್ನೆ ಕೇಳಿದರು. "ಋತು, ನೀ ಖರೇನ ಓದಾಕ ಹೋದಾಗ ಏನ ಆಗತೈತಿ? ಹೆಂಗ ಆಗತೈತಿ ಹಂಗ ಹೇಳು."

ಋತುಜಾ ಯೋಚಿಸಿದಳು. ಇದನ್ನು ಯಾರಾದರೂ ಕೇಳಿಯಾರೆಂದು ಅವಳೂ ಅಂದುಕೊಂಡಿರಲಿಲ್ಲ. "ಒಂದೊಂದ ಅಕ್ಷರ ಗೊತ್ತ ಅದಾವ ಅಜ್ಜಾ. ಆದ್ರ ಮೂರನೇದ್ದಕ್ಕ ಹೋಗೂದ್ರಾಗ ಒಂದನೇದ್ದ ಹೋಗಿ ಬಿಟ್ಟಿರತೈತಿ. ಅದನ್ನ ಹುಡುಕಾಕ ಹಿಂದ ಬಂದ್ರ ಮೂರನೇದ್ದ ಇರೂದಿಲ್ಲ. ಉಳದವರು ಅಷ್ಟರಾಗ ಪುಟಾ ತಿರುವಿರತಾರ. ನಿಮ್ಮ ದನಿ ಆದ್ರ ಎಲ್ಲಿ ಇಟ್ಟೇನಿ ಅಲ್ಲೆ ಕುಂತಿರತೈತಿ."

ತುಷಾರ ಪೆನ್ನು ತೆಗೆದುಕೊಂಡು ಆ ಮಾತನ್ನು ವಹಿಯಲ್ಲಿ ಬರೆದುಕೊಂಡ, ಹೇಳಿದ್ದನ್ನು ಹೇಳಿದ ಹಾಗೆ.

ಒಪ್ಪಿಗೆಗೆ ತಾಯಿ ಅಥವಾ ತಂದೆಯ ಸಹಿಯೇ ಬೇಕು, ಅಜ್ಜನದು ಯಾವ ಚೌಕದಲ್ಲೂ ನಡೆಯುವುದಿಲ್ಲ ಎಂದು ತುಷಾರ ಸಂಕೋಚದಿಂದ ಹೇಳಿದಾಗ, ಆಬಾಸಾಹೇಬರು ಫೋನು ತೆಗೆದರು. ಸೊಸೆಗೆ ಅವರು ನೇರವಾಗಿ ಫೋನು ಮಾಡಿದ್ದು ಈ ಊರಿಗೆ ಬಂದ ಆರು ವರ್ಷದಲ್ಲಿ ಎರಡು ಸಲ, ಎರಡೂ ಸಲ ಯಾರೋ ತೀರಿಕೊಂಡಿದ್ದರು. ಅತ್ತ ಕಡೆಯಿಂದ ಮಿಕ್ಸರಿನ ಸದ್ದು ತಟ್ಟನೆ ನಿಂತು, ಶುಭಾಂಗಿ "ಯಾರ್ರಿ ಮಾವಾರ?" ಎಂದಳು ಗಾಬರಿಯಾಗಿ.

"ಯಾರೂ ಇಲ್ಲ, ಎಲ್ಲಾರೂ ಗಟ್ಟಿ ಅದಾರ. ಸಾಲ್ಯಾಗ ಅದೇನಿ. ನೀ ಜೂನ್‌ದಾಗ ಹೇಳಿದ್ದೆಲ್ಲಾ, ಅದು ಖರೆ ಐತಿ. ನನಗ ಗೊತ್ತಿತ್ತು, ನಾನ ಮುಚ್ಚಿಟ್ಟೆ. ಬಂದ ಸಹಿ ಮಾಡಿ ಹೋಗು."

ಮಿಕ್ಸರು ಮತ್ತೆ ಶುರುವಾಗುತ್ತದೇನೋ ಎಂದು ಅವರು ಕಾದರು. "ಬಂದ್ನಿರಿ" ಎಂದಳು ಶುಭಾಂಗಿ. ದನಿ ಒಡೆದಿತ್ತು, ನಗೆಗೋ ಅಳುವಿಗೋ ತಿಳಿಯುವ ಮೊದಲು ಫೋನು ಕಟ್ಟಾಯಿತು.

ಹತ್ತು ನಿಮಿಷದಲ್ಲಿ ಸ್ಕೂಟಿ ಬಂತು. ಚಟ್ನಿಯ ಖಾರ ಬೆರಳಲ್ಲಿದ್ದ ಹಾಗೆಯೇ ಸಹಿ ಮಾಡಿದಳು, ಕಾಗದದ ಮೂಲೆಗೆ ಕೆಂಪು ಹತ್ತಿತು. ತುಷಾರ ಅದನ್ನು ಮುಖ್ಯಾಧ್ಯಾಪಕಿಯ ಕೋಣೆಗೆ ತಾನೇ ಒಯ್ದು, ಹೆಸರು ಯಾದಿಯಲ್ಲಿ ಸೇರಿಸಿ ಬಂದ. ವಿಶೇಷ ಶಿಕ್ಷಕಿ ಬುಧವಾರ ಬರುತ್ತಾರೆ, ಮೊದಲು ಸುಮ್ಮನೆ ಆಟ ಆಡಿಸಿದಂತೆ ನೋಡುತ್ತಾರೆ, ಹೆದರುವಂಥದ್ದೇನಿಲ್ಲ, ಏನೂ ಇಲ್ಲವೆಂದು ತಿಳಿದರೆ ಅದೂ ತಿಳಿದಂತಾಯಿತು ಎಂದ. ಶುಭಾಂಗಿ ತಲೆಯಾಡಿಸುತ್ತಲೇ ಇದ್ದಳು. ಹೊರಡುವಾಗ ಮಾವನ ಕಡೆ ತಿರುಗಿ, ಏನೋ ಹೇಳಹೊರಟು, "ಬಿಸಲಾಗತೈತಿ, ಜಲ್ದಿ ಬರ್ರಿ. ಚಟ್ನಿ ಅರ್ಧಾ ಉಳದೈತಿ" ಎಂದಳು.

ಶಾಲೆ ಬಿಟ್ಟ ಮೇಲೆ ಅಜ್ಜ ಮೊಮ್ಮಗಳು ನಡೆದು ಹೊರಟರು. ಚೀಲ ಅಜ್ಜನ ಹೆಗಲಿಗೆ ಬಂದಿತ್ತು.

"ಲೈಟ ಹೋದಾಗ ನಿಮಗ ಗೊತ್ತಾಗಿತ್ತಲ್ಲಾ ಅಜ್ಜಾ?"

"ಆಗಿತ್ತು."

"ನಿಮಗ ಗೊತ್ತಾಗೇತಿ ಅಂತ ನನಗೂ ಗೊತ್ತಾಗಿತ್ತು."

"ಮತ್ತ ಮರದಿವಸದಿಂದ ಯಾಕ ಹಂಗ ಓದಿಕೋತ ಹ್ವಾದಿ?"

"ನೀವು ಬಸದಿ ಕಟ್ಟೀ ಮ್ಯಾಲ ಎಲ್ಲಾರಿಗೂ ಹೇಳಿ ಬಂದಿದ್ರಿ, ಋತು ಫಡಾಫಡಾ ಓದತಾಳಂತ. ನಾ ಒಮ್ಮೆಲೆ ಬಂದ್ ಮಾಡಿದ್ರ ನಿಮ್ಮ ಮರ್ಯಾದಿ ಹೋಗತಿತ್ತಲ್ಲ."

ಆಬಾಸಾಹೇಬರು ನಿಂತರು. ಎದುರಿನಿಂದ ನೂಲಿನ ಮೂಟೆ ಹೇರಿದ ಕೈಗಾಡಿ ಬರುತ್ತಿತ್ತು, ದಾರಿ ಬಿಡಲು ನಿಂತಂತೆ ಕಾಣಲಿ ಎಂದು ಗೋಡೆಗೆ ಸರಿದರು. ಗಾಡಿ ಹೋಯಿತು. "ತಪ್ಪು ನಂದು" ಎಂದರು. ಆ ಎರಡು ಶಬ್ದಗಳನ್ನು ಒಂದು ಮಗುವಿನ ಮುಂದೆ ಈ ಮೊದಲು ಆಡಿದ ನೆನಪು ಅವರಿಗಿರಲಿಲ್ಲ. ಹೇಳಲು ಅಂಥ ಕಷ್ಟವೇನೂ ಆಗಲಿಲ್ಲ.

"ಇರ್ಲಿ ಬಿಡ್ರಿ" ಎಂದಳು ಋತುಜಾ, ಚಿಲ್ಲರೆ ಇಲ್ಲವೆಂದ ಗಿರಾಕಿಗೆ ಅಂಗಡಿಯವರು ಹೇಳುವಂತೆ. ನಾಲ್ಕು ಹೆಜ್ಜೆ ಹಾಕಿ, "ಇನ್ನೊಂದ ಹೇಳ್ಲಿ? ಸಿಟ್ಟಾಗಬಾರದು."

"ಹೇಳು."

"ಆಡಿನ ಪಾಠದಾಗ ನೀವು ಒಂದ ಸಾಲ ಬಿಟ್ಟ ಓದತೀರಿ. ದಿನಾ. ತುಷಾರ ಸರ್ ಓದೂವಾಗ ಅದು ಇರತೈತಿ."

"ಯಾವ ಸಾಲು?"

"ಮುದುಕಿ ಗಿರಾಕಿ ಜೋಡಿ ಮಾತಾಡಕೋತ ನಿಂತಿರತಾಳಲ್ಲ, ಅಷ್ಟರಾಗ ಆಡು ಬುಟ್ಟ್ಯಾಗಿನ ಸೊಪ್ಪೆಲ್ಲಾ ತಿಂದ ಬಿಡತೈತಿ."

ಆಬಾಸಾಹೇಬರು ಅಲ್ಲಿಯೇ ಮನಸ್ಸಿನಲ್ಲಿ ಪುಟ ತಿರುವಿದರು. ಮುದುಕಿ ಮಾತಾಡುತ್ತಾಳೆ, ಬುಟ್ಟಿ ನೋಡುತ್ತಾಳೆ, ನಗುತ್ತ ಮನೆಗೆ ಹೋಗುತ್ತಾಳೆ. ನಾಲ್ಕು ತಿಂಗಳಿಂದ ಅದನ್ನು ಏರಿಳಿತದ ಸಮೇತ ಓದುತ್ತ, ಆ ಮುದುಕಿ ಯಾಕೆ ನಗುತ್ತಾಳೆಂದು ಅವರಿಗೆ ಒಂದು ದಿನವೂ ತಿಳಿದಿರಲಿಲ್ಲ. ಈಗಿನವರಿಗೆ ಪಾಠ ಬರೆಯಲು ಬರುವುದಿಲ್ಲ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಕಣ್ಣು ಒಂದು ಸಾಲನ್ನು ದಾಟಿ ಇನ್ನೊಂದಕ್ಕೆ ಹಾರುತ್ತಿತ್ತು, ದಿನಾ, ಅದೇ ಜಾಗದಲ್ಲಿ.

"ಅಲ್ಲ, ನಿನಗ ಗೊತ್ತಿತ್ತಲ್ಲ," ಎಂದರು. "ಇವತ್ತ ಸರ್ ಮುಂದ ಓದೂವಾಗರೆ ಆ ಸಾಲ ಹೇಳಬೇಕಿತ್ತಿಲ್ಲೋ. ಯಾಕ ಬಿಟ್ಟಿ?"

ಇಷ್ಟು ದೊಡ್ಡವರಾಗಿ ಇದನ್ನೂ ಕೇಳುತ್ತಾರಲ್ಲ ಎಂಬಂತೆ ಋತುಜಾ ಅಜ್ಜನ ಮುಖ ನೋಡಿದಳು.

"ನೀವು ಅಲ್ಲೇ ಕುಂತಿದ್ರೆಲ್ಲಾ" ಎಂದಳು.